ಯಾರೂ ಕುರ್ಚಿ ಬಿಟ್ಟು ಏಳಬಾರದು

ನಮ್ಮನೆಯವರು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದರು. ಹಾಗಂದ ತಕ್ಷಣ ಕೆಲವರ ಮುಖ ಒಂಥರಾ ಆಗುತ್ತೆ, ನನಗೆ ಗೊತ್ತು. ಆಗಲಿ ಬಿಡಿ. ಜನ ತುಂಬಿ ತುಳುಕುತ್ತಿದ್ದ ಹೋಟೆಲಿನಲ್ಲಿ ಅಷ್ಟೂ ಟೇಬಲ್ಲಿನ ಆರ್ಡರನ್ನು ಒಂದು ಚೀಟಿಯೂ ಬರೆಯದೆ ತಲೆಯಲ್ಲಿಟ್ಟುಕೊಂಡು ಬಂದು, ಅಡುಗೆಮನೆ ಕಿಟಕಿ ಹತ್ತಿರ ಬಗ್ಗಿ, ಒಂದೇ ಉಸಿರಿಗೆ ಹೇಳಿ ಮುಗಿಸೋರು. ಅದಕ್ಕೇ ಅವರಿಗೆ ‘ರೇಡಿಯೋ’ ಅಂತ ಹೆಸರು ಬಿದ್ದಿತ್ತು. ಒಳಗೆ ಒಲೆ ಮುಂದೆ ನಿಂತು ಆ ರೇಡಿಯೋ ಕೇಳುತ್ತಿದ್ದವಳು ನಾನು. ಮದುವೆಗೆ ಮೊದಲೂ ನಾನೇ, ಆಮೇಲೂ ನಾನೇ.

“ಮೂಲೆಗೆ ಎರಡು ಟೀ, ಒಂದಕ್ಕೆ ಸಕ್ಕರೆ ಬೇಡ. ಕಂಬಕ್ಕೆ ಬ್ರೆಡ್ಡು, ಬೆಣ್ಣೆ ಜಾಸ್ತಿ. ಬಾಗಿಲಿಗೆ ಕಾಫಿ, ಅವರಿಗೆ ಬಸ್ಸಿದೆ, ಬೇಗ.”

ಮೂಲೆ, ಕಂಬ, ಬಾಗಿಲು ಇವೆಲ್ಲ ಗಿರಾಕಿಗಳ ಹೆಸರು. ಯಾರು ಎಲ್ಲಿ ಕೂರುತ್ತಾರೋ ಅದೇ ಅವರ ಹೆಸರು. ಮೂಲೆಯ ಟೀ ಕಂಬಕ್ಕೆ ಹೋಯಿತು ಅನ್ನೋ ದೂರು ಒಂದು ದಿನವೂ ಬಂದಿದ್ದಿಲ್ಲ. ಗಂಡನನ್ನು ಹೊಗಳ್ತಾ ಇದ್ದಾಳೆ ಅಂದುಕೊಂಡ್ರಾ? ಹೌದು, ಹೊಗಳ್ತಾ ಇದ್ದೀನಿ. ನಾನು ಹೊಗಳದೆ ಪಕ್ಕದ ಮನೆಯವಳು ಹೊಗಳಿದರೆ ಚೆನ್ನಾಗಿರುತ್ತಾ?

ಹೋಟೆಲ್ ಮುಚ್ಚಿದ ಮೇಲೆ ಮಗನ ಫ್ಲ್ಯಾಟಿಗೆ ಬಂದೆವು. ಮಗನಿಗೆ ಅಪ್ಪ ಅಂದರೆ ಪ್ರಾಣ. “ಅಪ್ಪ ಜೀವಮಾನವಿಡೀ ನಿಂತೇ ಇದ್ದಾರಮ್ಮ. ಇನ್ನು ಅವರು ಕೂರಬೇಕು. ಯಾರಿಗೂ ಒಂದು ಲೋಟ ನೀರು ಸಹ ತಂದುಕೊಡಬಾರದು” ಅಂದ. ನಾನೂ ಸೊಸೆಯೂ ಹೂಂ ಅಂದೆವು. ಅವರಿಗೇ ಅಂತ ಒಂದು ಕೋಣೆ, ಮೆತ್ತನೆ ಕುರ್ಚಿ, ಟಿವಿ. ಗಲಾಟೆ ಕೇಳಬಾರದು ಅಂತ ಬಾಗಿಲು ಹಾಕೋದು. ಊಟ ತಿಂಡಿ ಎಲ್ಲ ತಟ್ಟೆಯಲ್ಲಿ ಅಲ್ಲಿಗೇ. ಅವರು ಎದ್ದು ಖಾಲಿ ಲೋಟ ಎತ್ತೋಕೆ ಹೋದರೆ ಮೂರು ಜನವೂ ಮುಗಿಬಿದ್ದು ಕೂರಿಸುತ್ತಿದ್ದೆವು. ಸಪ್ಲೈಯರ್ ಮನೆಯವರನ್ನು ಬಿಟ್ಟರೆ ಈ ತಪ್ಪನ್ನು ಇನ್ಯಾರೂ ಮಾಡಲ್ಲ.

ಅವರು ಕೂತರು. ಕೂತವರು ಮಾತು ಕಮ್ಮಿ ಮಾಡಿದರು. ಆಮೇಲೆ ಕೇಳಿದ್ದನ್ನೇ ಕೇಳೋಕೆ ಶುರು ಮಾಡಿದರು, ಗಡ್ಡ ಬೋಳಿಸೋದು ಬಿಟ್ಟರು, ಊಟ ಆಗಿದೆಯೋ ಇಲ್ಲವೋ ಅನ್ನೋದೂ ಗೊತ್ತಾಗದ ಹಾಗಾದರು. ವಯಸ್ಸಾಯಿತಲ್ಲ, ಅಂತ ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಒಂದು ಮಧ್ಯಾಹ್ನ ನಾನು ಟೀ ತಗೊಂಡು ಒಳಗೆ ಹೋದೆ. ಅವರು ಗಡಬಡಿಸಿ ಎದ್ದು ನಿಂತರು. ನನ್ನ ಮುಖ ನೋಡಿ, ಬಹಳ ಮರ್ಯಾದೆಯಿಂದ, “ನೀವ್ಯಾಕೆ ತೊಂದ್ರೆ ತಗೊಂಡ್ರಿ, ಮೇಡಂ?” ಅಂದರು.

ಮೇಡಂ ಅಂತೆ. “ರೀ, ನಾನು ಕಣ್ರೀ” ಅಂದೆ. “ಗೊತ್ತಾಗ್ಲಿಲ್ಲ, ತಪ್ಪು ತಿಳ್ಕೋಬೇಡಿ” ಅಂದರು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಮನಸಾರೆ ಅತ್ತೆ. ಅತ್ತು ಮುಖ ತೊಳೆದುಕೊಂಡವಳಿಗೆ ಒಂದೇ ಹಟ ಹಿಡಿಯಿತು. ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ, ಈ ಮನುಷ್ಯನಿಗೆ ನಾನ್ಯಾರು ಅಂತ ಗೊತ್ತಾಗಬೇಕು.

ಡಾಕ್ಟರಮ್ಮ ಒಳ್ಳೆಯವಳು. ತಲೆಯ ಫೋಟೋ ತೆಗೆಸಿದಳು, ಏನೇನೋ ಕೇಳಿದಳು, ಮರೆವಿನ ಕಾಯಿಲೆ ಶುರುವಾಗಿದೆ ಅಂತ ಸುತ್ತಿ ಬಳಸದೆ ಹೇಳಿದಳು. ಆಮೇಲೆ, “ದಿನವಿಡೀ ಯಾರ ಜೊತೆ ಮಾತಾಡ್ತಾರೆ?” ಅಂತ ವಿಚಾರಿಸಿದಳು.

ಮಗ ಎದೆಯುಬ್ಬಿಸಿ, “ಯಾರೂ ಅವರಿಗೆ ತೊಂದ್ರೆ ಕೊಡದ ಹಾಗೆ ನೋಡ್ಕೊಂಡಿದ್ದೀವಿ” ಅಂದ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. “ಅವರಿಗೆ ಜನ ಬೇಕು. ದಿನಾ ಅಷ್ಟೊಂದು ಮುಖ, ಅಷ್ಟೊಂದು ಮಾತು ನೋಡಿಕೊಂಡಿದ್ದ ತಲೆ ಅದು. ಈಗ ನಾಲ್ಕು ಗೋಡೆ ನೋಡ್ತಾ ಕೂತಿದೆ. ಕೆಲಸವಿಲ್ಲದೆ ಕಾಲು ಸೊರಗಲ್ವಾ, ಮಿದುಳೂ ಹಾಗೇ ಸೊರಗುತ್ತೆ. ಕಾಯಿಲೆ ವಾಸಿಯಾಗುತ್ತೆ ಅಂತ ನಾನು ಹೇಳಲ್ಲ. ಆದ್ರೆ ಜನರ ಮಧ್ಯೆ ಇದ್ರೆ ಇರೋದು ಉಳಿಯುತ್ತೆ, ಮಂಕಾಗಿರೋದು ಒಂದಿಷ್ಟು ಮೇಲೆ ಬಂದ್ರೂ ಬರಬಹುದು. ಮಾತ್ರೆ ಕೊಡ್ತೀನಿ. ಜನರನ್ನ ನೀವೇ ಕೊಡಬೇಕು.”

ಮನೆಗೆ ಬರುವಷ್ಟರಲ್ಲಿ ಮಗನ ಮುಖ ಬಾಡಿತ್ತು. ಪಾಪ, ಪ್ರೀತಿಯಿಂದ ಮಾಡಿದ್ದೇ ತಿರುಗಿ ಹೊಡೆದಿತ್ತು. “ತಪ್ಪು ನಿನ್ನೊಬ್ಬನದಲ್ಲ ಕಣೋ, ನಮ್ಮ ಮೂರೂ ಜನದ್ದು. ಮುಖ ಊದಿಸ್ಕೊಂಡು ಕೂರ್ಬೇಡ, ಬಾ, ಕೆಳಗಿನ ಕೋಣೆಗೆ ಟೇಬಲ್ ಹೊರು” ಅಂದೆ.

ನಮ್ಮ ಕಟ್ಟಡದ ಕೆಳಗೆ ಒಂದು ದೊಡ್ಡ ಕೋಣೆ ಇದೆ. ಮುರಿದ ಮಂಚ, ಹಳೇ ಪೆಟ್ಟಿಗೆ ತುಂಬಿ ಬೀಗ ಹಾಕಿದ್ದರು. ಅದಕ್ಕೆ ಅಂಟಿಕೊಂಡು ಒಂದು ಪುಟ್ಟ ಕೋಣೆ, ನಡುವಿನ ಗೋಡೆಯಲ್ಲಿ ಕಿಟಕಿ. ಸಂಜೆ ಅಲ್ಲಿ ಕಟ್ಟಡದವರಿಗೆಲ್ಲ ಟೀ ಮಾಡ್ತೀನಿ ಅಂದಾಗ ಫ್ಲ್ಯಾಟಿನವರ ಸಂಘದ ಸೆಕ್ರೆಟರಿ ಸಾಹೇಬರು ನಿಯಮ ಅಂತ ರಾಗ ತೆಗೆದರು. “ನೆರೆಹೊರೆಯವರು ಕೂತು ಟೀ ಕುಡೀಬಾರದು ಅಂತ ಎಲ್ಲಿ ಬರೆದಿದೆ, ತೋರಿಸಿ” ಅಂದೆ. ಬೀಗದ ಕೈ ತಂದುಕೊಟ್ಟರು. ಮೊದಲನೇ ದಿನ ಎಲ್ಲರಿಗಿಂತ ಮುಂಚೆ ಬಂದು ಕೂತವರೂ ಅವರೇ.

ಇನ್ನುಳಿದವರು ಹೆಂಡತಿ ತೀರಿಕೊಂಡ ಮೇಲೆ ಯಾರ ಜೊತೆಗೂ ಮಾತಾಡದ ಲೆಕ್ಕದ ಮೇಷ್ಟ್ರು, ಒಬ್ಬಳೇ ಇರುವ ನರ್ಸ್, ಊರುಗೋಲಿನ ಅಜ್ಜಿ. ವರ್ಷಗಟ್ಟಲೆ ಒಂದೇ ಲಿಫ್ಟಿನಲ್ಲಿ ಓಡಾಡಿದ್ದರೂ ಒಬ್ಬರಿಗೊಬ್ಬರು ಪರಿಚಯವಿಲ್ಲ. ನಮ್ಮನೆಯವರ ಕಾಯಿಲೆಯ ವಿಷಯ ಮಗ ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದ. ಒಳ್ಳೇ ಮನಸ್ಸಿನಿಂದಲೇ ಹೇಳಿದ್ದ. ಅದೇ ಎಡವಟ್ಟಾಯಿತು.

ನಮ್ಮನೆಯವರಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಹೆಗಲ ಮೇಲೆ ಬಟ್ಟೆ ಹಾಕಿ ಕಳಿಸಿದೆ. ಆರ್ಡರ್ ತಗೊಂಡರು, ಕಿಟಕಿಗೆ ಬಂದು ತಡವರಿಸುತ್ತಾ ಹೇಳಿದರು. ಟ್ರೇ ಹಿಡಿದು ಹೋದವರು ನಡುವೆ ನಿಂತುಬಿಟ್ಟರು. ಮೇಷ್ಟ್ರ ಕಾಫಿ ಅಜ್ಜಿಗೆ, ಅಜ್ಜಿಯ ಬ್ರೆಡ್ಡು ಸೆಕ್ರೆಟರಿಗೆ. ಎಲ್ಲರೂ “ಪರವಾಗಿಲ್ಲ ಬಿಡಿ, ಯಾವುದಾದ್ರೇನು” ಅಂದರು. ಯಾವುದಾದ್ರೇನು ಅಂದರೆ ಏನರ್ಥ? ಅವರ ಇಡೀ ಜೀವಮಾನವೇ ‘ಯಾವುದು’ ಅನ್ನೋದರಲ್ಲಿತ್ತು. ಟ್ರೇ ಇಟ್ಟು, ತಲೆ ತಗ್ಗಿಸಿಕೊಂಡು ಲಿಫ್ಟಿನ ಕಡೆ ನಡೆದರು.

ಮಾರನೇ ದಿನ ಕಾಡಿ ಬೇಡಿ ಕರೆದುಕೊಂಡು ಬಂದೆ. ಈ ಸಲ ನಾನು ಒಲೆ ಸಣ್ಣ ಮಾಡಿ ಕಿಟಕಿಯಿಂದ ನೋಡುತ್ತಾ ನಿಂತೆ. ಅವರು ಕಂಬದ ಹತ್ತಿರದ ಮೇಷ್ಟ್ರಿಂದ ಆರ್ಡರ್ ತಗೊಂಡು ನನ್ನ ಕಡೆ ತಿರುಗಿದ್ದೇ ತಡ, ಮೇಷ್ಟ್ರು ಎದ್ದು ಅಜ್ಜಿಗೆ ಜಾಗ ಬಿಟ್ಟುಕೊಟ್ಟರು. ಅಜ್ಜಿಯ ಮೂಲೆಗೆ ನರ್ಸ್ ಹೋದಳು. ಸೆಕ್ರೆಟರಿ, ಪಾಪ ಅವರಿಗ್ಯಾಕೆ ಕಷ್ಟ ಅಂತ, ತಮ್ಮ ಲೋಟ ತಾವೇ ಒಯ್ಯೋಕೆ ಕಿಟಕಿಗೆ ಬಂದರು. ನಮ್ಮನೆಯವರು ತಿರುಗಿ ನೋಡುವಷ್ಟರಲ್ಲಿ ಕಂಬಕ್ಕೆ ಬೇರೆ ಮುಖ, ಮೂಲೆಗೆ ಬೇರೆ ಮುಖ. ನನ್ನ ರಕ್ತ ಕುದಿಯಿತು. ಸೌಟು ಹಿಡಿದುಕೊಂಡೇ ಹೊರಗೆ ಬಂದೆ.

“ಕೂತ್ಕೊಳ್ಳಿ ಎಲ್ಲಾರೂ. ನಿಮ್ಮ ಉಪಕಾರ ನಿಮ್ಮನೇಲಿ ಇಟ್ಕೊಂಡು ಬನ್ನಿ. ಇಲ್ಲಿ ಒಬ್ಬರು ಕೆಲಸ ಮಾಡ್ತಿದ್ದಾರೆ, ಕಾಣಿಸಲ್ವಾ? ಕೂತ ಜಾಗದಿಂದಲೇ ಅವರು ನಿಮ್ಮನ್ನ ನೆನಪಿಡೋದು. ಯಾರೂ ಕುರ್ಚಿ ಬಿಟ್ಟು ಏಳಬಾರದು. ತಪ್ಪು ಲೋಟ ಬಂದ್ರೆ ತಪ್ಪು ಅಂತಲೇ ಹೇಳಿ.”

ಮೇಷ್ಟ್ರು ಕಂಬದ ಹತ್ತಿರ ವಾಪಸ್ ಬಂದು ಕೂತು, ಮೆತ್ತಗೆ, “ಹಾಗಾದ್ರೆ ನಾಳೆಯಿಂದ ನನಗೆ ಇದೇ ಕುರ್ಚಿನಾ?” ಅಂದರು.

“ನಾಳೆಯಿಂದಲ್ಲ, ಇವತ್ತಿನಿಂದ. ಸಾಯೋವರೆಗೂ.”

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ನಮ್ಮನೆಯವರೂ ನಕ್ಕರು, ಯಾಕೆ ಅಂತ ಗೊತ್ತಿಲ್ಲದೆಯೇ ಇರಬಹುದು, ಆದರೆ ನಕ್ಕಿದ್ದು ಎಷ್ಟೋ ತಿಂಗಳ ಮೇಲೆ.

ಆವತ್ತಿನಿಂದ ಯಾರ ಕುರ್ಚಿ ಯಾವುದು ಅನ್ನೋದು ಗಟ್ಟಿಯಾಯಿತು. ಮೊದಮೊದಲು ತಪ್ಪುತ್ತಿತ್ತು, ಮೇಷ್ಟ್ರು ಮುಲಾಜಿಲ್ಲದೆ “ಇದು ನನ್ನದಲ್ಲ” ಅನ್ನುತ್ತಿದ್ದರು, ಇವರು “ಕ್ಷಮಿಸಿ” ಅಂತ ಬದಲಾಯಿಸುತ್ತಿದ್ದರು. ಬರಬರುತ್ತಾ ಅದು ಕಮ್ಮಿಯಾಯಿತು. ದನಿ ಏರಿತು. ಒಂದು ಸಂಜೆ ನಾಲ್ಕೂ ಕುರ್ಚಿಯ ಆರ್ಡರ್ ಒಂದೇ ಉಸಿರಿಗೆ ಬಂದಾಗ, ಒಳಗೆ ನಾನು ಸೌಟು ಬದಿಗಿಟ್ಟು ಕೇಳಿಸಿಕೊಂಡೆ. ಬೆಳಿಗ್ಗೆ ಎದ್ದು ತಾವೇ ಗಡ್ಡ ಬೋಳಿಸಿಕೊಳ್ಳತೊಡಗಿದರು. ನನಗಿಂತ ಮುಂಚೆ ಕೆಳಗಿಳಿದು ಟೇಬಲ್ ಒರೆಸತೊಡಗಿದರು. ಒಂದು ದಿನ, “ಬಾಗಿಲು ಯಾಕೆ ಬಂದಿಲ್ಲ?” ಅಂತ ಪಟ್ಟು ಹಿಡಿದು ಕೇಳಿದರು. ಬಾಗಿಲು ಅಂದರೆ ನರ್ಸ್. ಮೇಲೆ ಹೋಗಿ ನೋಡಿದರೆ ಹುಡುಗಿ ಜ್ವರದಲ್ಲಿ ಒಬ್ಬಳೇ ಬಿದ್ದಿದ್ದಳು. ಆಮೇಲೆ ಅಜ್ಜಿ ಅವಳಿಗೆ ಗಂಜಿ, ಮೇಷ್ಟ್ರು ಔಷಧಿ. ಆ ಮೇಷ್ಟ್ರು ಈಗ ಸೆಕ್ರೆಟರಿ ಜೊತೆ ದಿನಾ ಜಗಳ ಆಡ್ತಾರೆ, ಮುಖದಲ್ಲಿ ಏನು ಕಳೆ ಅಂತೀರಿ. ಇಡೀ ಕಟ್ಟಡಕ್ಕೆ ಜೀವ ತಂದವರು ನಮ್ಮನೆಯವರು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳ್ತೀನಿ.

ಆದರೆ ನಾನು ಮಾತ್ರ ಇನ್ನೂ ಮೇಡಮ್ಮೇ.

ಮತ್ತೆ ಡಾಕ್ಟರಮ್ಮನ ಹತ್ತಿರ ಹೋದೆವು. ಪರೀಕ್ಷೆಯಲ್ಲಿ ಮೊದಲಿಗಿಂತ ಎಷ್ಟೋ ವಾಸಿ ಅಂತ ಅವಳಿಗೂ ಖುಷಿ. “ಒಂದು ದಿನ ಚೆನ್ನಾಗಿರ್ತಾರೆ, ಒಂದು ದಿನ ಇರಲ್ಲ, ಎದೆಗುಂದಬೇಡಿ” ಅಂತ ನಮಗೆ ಹೇಳಿ, ಅವರ ಕಡೆ ತಿರುಗಿ, “ನಿಮ್ಮ ಹೆಂಡತಿ ಎಲ್ಲಿದ್ದಾರೆ?” ಅಂದಳು.

ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

“ಒಳಗಿದ್ದಾಳೆ” ಅಂದರು, ಒಂದು ಕ್ಷಣವೂ ತಡೆಯದೆ.

“ಹಾಗಾದ್ರೆ ಇವರು?”

ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಇವರು ಯಾವಾಗ್ಲೂ ನಿಂತೇ ಇರ್ತಾರೆ. ಎಲ್ಲಿ ಕೂರ್ತಾರೋ ಗೊತ್ತಿಲ್ಲ.”

ಮನೆಗೆ ಬಂದವಳು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ನಿನ್ನೆ ಮೊನ್ನೆ ಬಂದ ಕಂಬ, ಮೂಲೆಗಳೆಲ್ಲ ಗೊತ್ತು, ಕಟ್ಟಿಕೊಂಡವಳು ಗೊತ್ತಿಲ್ಲ ಅಂದರೆ ಉರಿಯಲ್ವಾ? ಸೊಸೆ ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡಳು. “ಅತ್ತೆ, ಮಾವ ಹೇಳಿದ್ದರಲ್ಲಿ ಸುಳ್ಳೇನಿದೆ? ಆ ಹೋಟೆಲಲ್ಲಿ ನೀವು ಒಂದು ದಿನವಾದ್ರೂ ಹೊರಗೆ ಬಂದು ಕೂತಿದ್ರಾ? ಮನೇಲಾದ್ರೂ ಅವರ ಜೊತೆ ಊಟಕ್ಕೆ ಕೂತಿದ್ದೀರಾ? ಇವತ್ತು ಒಲೆ ನನಗೆ ಬಿಡಿ. ನೀವು ಹೋಗಿ ಕೂತ್ಕೊಳ್ಳಿ.”

ನಾನು ಯಾರಿಗೂ ಹೆದರೋ ಹೆಂಗಸಲ್ಲ. ಆವತ್ತು ಹೆದರಿದೆ. ನಿಂತಾಗ ಗೊತ್ತಾಗಲಿಲ್ಲ ಅಂದರೆ ನಿಂತಿದ್ದಕ್ಕೆ ಅಂತ ಹೇಳಿಕೊಳ್ಳಬಹುದು. ಕೂತ ಮೇಲೂ ಗೊತ್ತಾಗಲಿಲ್ಲ ಅಂದರೆ ಆಮೇಲೆ ನಾನು ಎಲ್ಲಿಗೆ ಹೋಗಲಿ?

ಕೆಳಗಿಳಿದೆ. ಮೇಷ್ಟ್ರು ತಮ್ಮ ಕುರ್ಚಿ ಕೊಡೋಕೆ ಅರ್ಧ ಎದ್ದವರು ನನ್ನ ಕಣ್ಣು ನೋಡಿ ಮತ್ತೆ ಕೂತರು. ಮಗ ಮನೆಯಿಂದ ಒಂದು ಕುರ್ಚಿ ತಂದು ಗೋಡೆ ಗಡಿಯಾರದ ಕೆಳಗೆ ಹಾಕಿದ. ಕೂತೆ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ, ಸೆರಗಿನ ತುದಿ ಹಿಡಿದುಕೊಂಡೆ.

ಅವರು ಮೂಲೆ ಮುಗಿಸಿದರು, ಕಂಬ ಮುಗಿಸಿದರು, ಬಾಗಿಲು ಮುಗಿಸಿದರು. ಹೆಗಲ ಬಟ್ಟೆಯಿಂದ ನನ್ನ ಮುಂದಿನ ಟೇಬಲ್ ಒರೆಸಿ ತಲೆಯೆತ್ತಿದರು. ನನ್ನನ್ನು ನೋಡಿದರು. ಅಡುಗೆಮನೆ ಕಿಟಕಿಯ ಕಡೆ ನೋಡಿದರು. ಅಲ್ಲಿ ಸೊಸೆಯ ಕೈ ಓಡಾಡುತ್ತಿತ್ತು. ಮತ್ತೆ ನನ್ನನ್ನು ನೋಡಿದರು.

“ಏನೇ, ನೀನು ಇಲ್ಲಿ ಕೂತ್ರೆ ಒಲೆ ಹತ್ರ ಯಾರಿದ್ದಾರೆ?” ಅಂದರು.

“ಸೊಸೆ ಇದ್ದಾಳೆ ರೀ” ಅಂದೆ.

“ಹಾಲು ಉಕ್ಕಿಸಿಬಿಟ್ಟಾಳು.”

“ಉಕ್ಕಿಸಲ್ಲ ಮಾವ” ಅಂತ ಒಳಗಿಂದ ದನಿ ಬಂತು. ಅವಳೂ ಅಳುತ್ತಿದ್ದಳು, ನನಗೆ ಗೊತ್ತಾಗಲ್ವಾ?

“ಸರಿ. ನಿನಗೇನು ಕೊಡ್ಲಿ?”

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. “ಟೀ” ಅಂದೆ.

ಅವರು ಕಿಟಕಿಗೆ ಹೋಗಿ ಬಗ್ಗಿದರು. ಮೂಲೆ, ಕಂಬ, ಬಾಗಿಲು ಎಲ್ಲ ಸಾಲಾಗಿ ಬಂತು. ಇನ್ನು ಗಡಿಯಾರಕ್ಕೆ ಅಂತ ಬರುತ್ತೆ ಅಂದುಕೊಂಡೆ. ಬರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಕೂತವರ ಕಡೆ ಒಮ್ಮೆ ತಿರುಗಿ ನೋಡಿ, ಹೋಟೆಲಿನ ಕಾಲದ ಅದೇ ದನಿಯಲ್ಲಿ ಕೂಗಿದರು:

“ನಮ್ಮನೆಯವಳಿಗೆ ಒಂದು ಟೀ. ಮೊದಲು ಅದು ಬರಲಿ.”