ಕಂಬದ ಮೇಲಿನ ಗರುಡ

ನಮ್ಮ ಮೇಲೂರಿಗೆ ಕರೆಂಟು ಕಂಬ ನೆಟ್ಟ ವರ್ಷ. ತಂತಿ ಇನ್ನೂ ಬಂದಿರಲಿಲ್ಲ, ಗರುಡ ಮಾತ್ರ ಬಂದು ಕೂತಿತ್ತು. ನಮ್ಮ ಹಿತ್ತಿಲಿಗೆ ನೇರವಾಗಿದ್ದ ಕಂಬದ ಮೇಲೆಯೇ ಕೂರಬೇಕೆ ಆ ಹಾಳಾದ್ದು? ನಾನು ಹಾಗೆ ಬೈದರೆ ನಮ್ಮತ್ತೆ ಅಕ್ಕಯ್ಯಮ್ಮನಿಗೆ ಎಲ್ಲಿಲ್ಲದ ಕೋಪ.

"ಗರುಡನ್ನ ಬೈತೀಯೇನೇ ಓಬಳಮ್ಮ? ಬೆಳಿಗ್ಗೆ ಎದ್ದು ಅದರ ಮುಖ ನೋಡಾಕೆ ಪುಣ್ಯ ಮಾಡಿರ್ಬೇಕು."

ಹದ್ದು ಬಂದರೆ ಕಲ್ಲು ಎಸಿ, ಬೇಡ ಅನ್ನಲ್ಲ. ಗರುಡನ ಮೇಲೆ ಕೈ ಎತ್ತಿದರೆ ಈ ಮನೆಯಲ್ಲಿ ನಿನಗೆ ಅನ್ನವಿಲ್ಲ ಎಂದೂ ಹೇಳಿಬಿಟ್ಟಿದ್ದರು. ತಲೆ, ಎದೆ ಬೆಳ್ಳಗಿದ್ದರೆ ಗರುಡ, ಮೈಯೆಲ್ಲ ಕಂದುಬಣ್ಣವಿದ್ದರೆ ಹದ್ದು. ಕೋಳಿಮರಿ ತಿನ್ನುವುದರಲ್ಲಿ ಎರಡೂ ಒಂದೇ.

ನನಗೆ ಉಳಿದಿದ್ದದ್ದು ಒಂದೇ ಮರಿ. ಅದರ ತಾಯಿ ನನ್ನ ತವರಿನ ಕೋಳಿ. ಅಮ್ಮ ಚಿಂತಾಮಣಿಯಿಂದ ಬಸ್ಸಿನಲ್ಲಿ ಸೆರಗಿನೊಳಗೆ ಮುಚ್ಚಿಕೊಂಡು ತಂದುಕೊಟ್ಟಿದ್ದಳು. ಆಮೇಲೆ ಅವಳು ಬರಲೇ ಇಲ್ಲ, ಜ್ವರದಲ್ಲಿ ಹೋಗಿಬಿಟ್ಟಳು. ಕೋಳಿಯನ್ನು ಮುಂಗುಸಿ ಕೊಂದಿತು. ಮರಿಗಳನ್ನು ಒಂದೊಂದಾಗಿ ಗರುಡ ಎತ್ತಿಕೊಂಡು ಹೋಯಿತು. ಇದೂ ಹೋದರೆ ಅಮ್ಮನದು ಅಂತ ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ.

ಅದನ್ನು ಬಿದಿರಿನ ಮಂಕರಿಬುಟ್ಟಿಯ ಕೆಳಗೆ ಮುಚ್ಚಿಡುತ್ತಿದ್ದೆ. ಆವತ್ತು ನಮ್ಮ ಮನೆಯವರು, ಹೇಳದೆ ಕೇಳದೆ, ರೇಷ್ಮೆ ಹುಳುವಿಗೆ ಸೊಪ್ಪು ತರಲು ಅದೇ ಮಂಕರಿಯನ್ನು ಎತ್ತಿಕೊಂಡು ತೋಟಕ್ಕೆ ಹೋಗಿದ್ದರು. ನಾನು ಒಲೆ ಬಿಟ್ಟು ಹಿತ್ತಿಲಿಗೆ ಬಂದಾಗ ಮರಿ ಬಯಲಲ್ಲಿ ಕೆದಕುತ್ತಿತ್ತು. ಕಂಬ ಖಾಲಿ. ತಲೆ ಎತ್ತಿದರೆ ಗರುಡ ಮೇಲೆ ಸುತ್ತು ಹಾಕುತ್ತಿತ್ತು. ಅತ್ತೆ ಕೋಲನ್ನು ಪಕ್ಕಕ್ಕಿಟ್ಟುಕೊಂಡು ಕಲ್ಲುಚಪ್ಪಡಿಯ ಮೇಲೆ ಕೂತಿದ್ದರು.

ಅನ್ನ ಇಲ್ಲದಿದ್ದರೆ ಕತ್ತೆ ಬಾಲ ಎಂದುಕೊಂಡು ಕಲ್ಲು ಆರಿಸಿಕೊಂಡೆ. ಹಿಡಿಯಲು ಹೋದರೆ ಮರಿ ಹೆದರಿ ಇನ್ನೂ ದೂರ ಓಡಿತು. ಮೇಲಿನ ಸುತ್ತು ಚಿಕ್ಕದಾಗುತ್ತಾ ಬಂತು. ಆ ಬಿಳಿ ಎದೆ ನನ್ನ ನೆತ್ತಿಯ ಮೇಲೆ ಬಂದದ್ದೇ ತಡ, ಕೈಯಿಂದ ಕಲ್ಲು ಬಿತ್ತು. ಎರಡೂ ಕೈ ತಾವಾಗಿಯೇ ಕೂಡಿಕೊಂಡು ಹಣೆಗೆ ಹೋದವು. ಕಣ್ಣು ಮುಚ್ಚಿಕೊಂಡವು. ಚಿಕ್ಕಂದಿನಲ್ಲಿ ನನ್ನ ಕೈ ಹಿಡಿದು, ಗರುಡನಿಗೆ ಹೀಗೆ ಮುಗಿಯಬೇಕು ಎಂದು ಕಲಿಸಿದ್ದು ಅಮ್ಮನೇ.

ರೆಕ್ಕೆಯ ಗಾಳಿ ಮುಖಕ್ಕೆ ಬಡಿಯಿತು. ಮರಿ ಕಿರುಚಿತು. ಕಣ್ಣು ಬಿಟ್ಟಾಗ ಅದು ಗರುಡನ ಕಾಲಲ್ಲಿತ್ತು, ಆಳೆತ್ತರದಲ್ಲಿ. ಅಷ್ಟರಲ್ಲಿ ಅತ್ತೆಯ ಕೋಲು ನನ್ನ ಕಿವಿಯ ಪಕ್ಕದಲ್ಲೇ ಹಾರಿಹೋಗಿ ರೆಕ್ಕೆಗೆ ತಗುಲಿತು. ಮರಿ ಸೊಪ್ಪಿನ ಕಸದ ರಾಶಿಯ ಮೇಲೆ ಬಿತ್ತು. ಓಡಿಹೋಗಿ ಎತ್ತಿಕೊಂಡೆ. ಬೆನ್ನಲ್ಲಿ ರಕ್ತವಿತ್ತು, ಆದರೂ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ಗರುಡನಿಗೆ ಹೊಡೆದುಬಿಟ್ರಲ್ಲ ಅತ್ತೆ," ಎಂದೆ.

"ಗರುಡ ಎಲ್ಲೈತೆ? ಹದ್ದು ಕಣೇ ಅದು. ಅತ್ತೂ ಅತ್ತೂ ನಿನ್ನ ಕಣ್ಣು ಮಂಜಾಗೈತೆ. ಹೋಗು, ಮರಿಗೆ ಅರಿಶಿನ ಹಚ್ಚು."

ಅರಿಶಿನಕ್ಕೆಂದು ಒಳಗೆ ಹೋದವಳು ಕಿಟಕಿಯಿಂದ ನೋಡಿದೆ. ಅತ್ತೆ ಖಾಲಿ ಕಂಬದ ಕಡೆ ತಿರುಗಿ ನಿಂತು, ಎರಡೂ ಕೆನ್ನೆಗೆ ಪಟಪಟ ಬಡಿದುಕೊಳ್ಳುತ್ತಿದ್ದರು. ಹದ್ದಿಗೆ ಯಾರೂ ಕೆನ್ನೆ ಬಡಿದುಕೊಳ್ಳುವುದಿಲ್ಲ.