ಎಂಟೇ ಅಕ್ಷರ

ವೆಂಕಟನ ಹೆಸರಿಲ್ಲದ ಹಿಂದೂ ಮನೆ ನಮ್ಮ ಸೀಮೆಯಲ್ಲಿ ಇದ್ದರೆ ತೋರಿಸಿ, ನಾನು ಬಿರಿಯಾನಿ ಹಾಕಿಸುತ್ತೇನೆ. ವೆಂಕಟರಾಯಪ್ಪ, ವೆಂಕಟರಮಣಪ್ಪ, ವೆಂಕಟರವಣಪ್ಪ, ವೆಂಕಟರಾಮರೆಡ್ಡಿ, ವೆಂಕಟರತ್ನಮ್ಮ. ಅದರಲ್ಲೂ ರಮಣಪ್ಪ ಯಾರು, ರವಣಪ್ಪ ಯಾರು ಎನ್ನುವುದು ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ರೇಷನ್ ಕಾರ್ಡಿನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು. ದೇವರು ಒಬ್ಬನೇ ಆದ್ದರಿಂದ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಆದದ್ದು ಕಂಪ್ಯೂಟರಿಗೆ.

ಆಗಿನ ಕಂಪ್ಯೂಟರಿನಲ್ಲಿ ಫೈಲಿಗೆ ಎಂಟಕ್ಷರಕ್ಕಿಂತ ದೊಡ್ಡ ಹೆಸರು ಇಡುವಂತಿರಲಿಲ್ಲ, ಅದೂ ಇಂಗ್ಲಿಷಿನಲ್ಲಿ. ವೆಂಕಟರಮಣಪ್ಪನ ಎಂಟಕ್ಷರ ಎಣಿಸಿ: ವಿ, ಇ, ಎನ್, ಕೆ, ಎ, ಟಿ, ಎ, ಆರ್. ಅಷ್ಟಕ್ಕೇ ಮುಗಿಯಿತು. ರವಣಪ್ಪನಿಗೂ ಅದೇ ಎಂಟು, ರಾಯಪ್ಪನಿಗೂ ಅದೇ ಎಂಟು.

ಇಸವಿ ತೊಂಬತ್ತೈದು. ಚಿಕ್ಕಬಳ್ಳಾಪುರದ ಒಂದು ಗಲ್ಲಿಯಲ್ಲಿ ಡಾಕ್ಟರ್ ಚೆನ್ನರಾಯಪ್ಪನವರ ಲ್ಯಾಬು. ರಕ್ತ, ಕಫ, ಗಂಟು, ಹುಣ್ಣು ಎಲ್ಲವನ್ನೂ ಅಲ್ಲಿ ನೋಡುತ್ತಿದ್ದರು. ಡಾಕ್ಟರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಬೇರೆ ಕಾಗದ ಇರಲಿಲ್ಲ. "ಕಂಪ್ಯೂಟರ್ ಇದೆಯಲ್ಲಮ್ಮ ಬಾನು, ಪುಸ್ತಕ ಯಾಕೆ?" ಎನ್ನುತ್ತಿದ್ದರು. ಅವರ ಲೆಟರ್‌ಹೆಡ್ಡಿಗೆ ಬೆಳಿಗ್ಗೆಯೇ ಇಪ್ಪತ್ತು ಸಹಿ ಹಾಕಿಟ್ಟುಬಿಡುತ್ತಿದ್ದರು. ರೋಗಿ ಯಾವಾಗ ಬಂದರೂ ಅದರ ಮೇಲೆ ಪ್ರಿಂಟ್ ತೆಗೆದು ಕೊಡುವುದು ನನ್ನ ಕೆಲಸ.

ವೆಂಕಟರ ಗೋಳಿಗೆ ನಾನೇ ಒಂದು ದಾರಿ ಹುಡುಕಿದ್ದೆ. ಊರಿಗೊಂದು ಡೈರೆಕ್ಟರಿ ಮಾಡಿದೆ, ಬೀರುವಿನ ಖಾನೆಗಳ ಹಾಗೆ. ಮಂಡಿಕಲ್ಲಿನ ವೆಂಕಟ ಮಂಡಿಕಲ್ ಖಾನೆಯಲ್ಲಿ, ಪೆರೇಸಂದ್ರದ ವೆಂಕಟ ಪೆರೇಸಂದ್ರದ ಖಾನೆಯಲ್ಲಿ. ಊರಿನ ಹೆಸರು ಖಾನೆಗೇ ಇದೆಯಲ್ಲ ಎಂದು ರಿಪೋರ್ಟಿನೊಳಗೆ ಊರು ಬರೆಯುವುದನ್ನು ಬಿಟ್ಟೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಅತಿ ಜಾಣೆಯಾಗಿದ್ದೆ.

ಆ ಕಂಪ್ಯೂಟರು ಬೆಳಿಗ್ಗೆ ಲ್ಯಾಬಿನದು, ಸಂಜೆ ಡಾಕ್ಟರ ಬಾಮೈದ ಆವಲಪ್ಪನದು. ಆವಲಪ್ಪ ಅದರಲ್ಲಿ ಜಾತಕ ಹಾಕುತ್ತಿದ್ದ. ಹುಟ್ಟಿದ ಹೊತ್ತು ಹೇಳಿದರೆ ಹನ್ನೆರಡು ಪುಟ ಭವಿಷ್ಯ. ಅವನ ಜಾತಕದ ಪ್ರೋಗ್ರಾಮು, ಕನ್ನಡ ಅಕ್ಷರ, ದೇವರ ಚಿತ್ರ ಇವೇ ಅರ್ಧ ಡಿಸ್ಕನ್ನು ನುಂಗಿದ್ದವು. ಡಿಸೆಂಬರಿನಲ್ಲಿ ಅವನು ಬೆಂಗಳೂರಿನಿಂದ ಹೊಸ ಜಾತಕದ ಪ್ರೋಗ್ರಾಮನ್ನು ಏಳು ಫ್ಲಾಪಿಗಳಲ್ಲಿ ತಂದ. ಹಾಕಿದರೆ ಜಾಗ ಸಾಲದು ಎಂದು ಕಂಪ್ಯೂಟರು ಕೂತುಬಿಟ್ಟಿತು.

"ನಿನ್ ಹಳೇ ಕಸ ತೆಗ್ಯಮ್ಮ," ಎಂದ ಆವಲಪ್ಪ. "ವಾಸಿ ಆದೋರು ವಾಸಿ ಆದ್ರು, ಹೋದೋರು ಹೋದ್ರು. ಇನ್ಯಾಕೆ ಅದೆಲ್ಲ?"

ಕಸವಂತೆ! ನನಗೆ ರೇಗಿತು. ಆದರೆ ಡಾಕ್ಟರೂ ಅದನ್ನೇ ಹೇಳಿದರು. "ಎಲ್ಲಾ ಒಂದು ಫ್ಲಾಪಿಗೆ ಹಾಕಿ ಇಲ್ಲಿಂದ ತೆಗೆದುಬಿಡು ಕಣಮ್ಮ. ಇವತ್ತೇ ಆಗ್ಬೇಕು."

ಆವಲಪ್ಪ ಬಾಗಿಲಲ್ಲಿ ಕಾಲು ಕುಣಿಸುತ್ತಾ ನಿಂತಿದ್ದ. ಫ್ಲಾಪಿಯಲ್ಲಿ ಮತ್ತೆ ಊರಿನ ಖಾನೆ ಮಾಡುವ ಗೋಜಿಗೆ ಹೋಗದೆ, ಒಂದೊಂದೇ ಖಾನೆಯಲ್ಲಿದ್ದುದನ್ನು ಒಟ್ಟಿಗೇ ಅದಕ್ಕೆ ಸುರಿದೆ. ಪೆರೇಸಂದ್ರ ಆಯಿತು. ಮಂಡಿಕಲ್ಲಿನದು ಸುರಿಯುವಾಗ ಕಂಪ್ಯೂಟರು ನಿಂತು ಕೇಳಿತು: ಇದೇ ಹೆಸರಿನದು ಇಲ್ಲಿ ಇದೆ, ಅದರ ಮೇಲೆ ಬರೆಯಲೇ? ಹೌದು, ಬೇಡ, ಎಲ್ಲಾ. ನಾನು "ಎಲ್ಲಾ" ಒತ್ತಿದೆ. ಯಾಕೆ ಒತ್ತಿದೆ ಎಂದರೆ ಸಿಟ್ಟು, ಅವಸರ, ಬೇಗ ಮುಗಿದರೆ ಸಾಕು ಎನ್ನುವ ಬೇಸರ. ಆಮೇಲೆ ಡಿಸ್ಕಿನಲ್ಲಿದ್ದ ಹಳೆಯದನ್ನೆಲ್ಲ ಅಳಿಸಿದೆ. ಆವಲಪ್ಪನ ನವಗ್ರಹಗಳು ಬಂದು ಕೂತವು.

ಹತ್ತು ದಿನ ಕಳೆದಿರಬೇಕು, ಪೆರೇಸಂದ್ರದ ವೆಂಕಟರವಣಪ್ಪ ಬಂದ. ಜೊತೆಯಲ್ಲಿ ಹೆಂಡತಿ ಲಕ್ಷ್ಮಿದೇವಮ್ಮ. ಎರಡು ತಿಂಗಳ ಹಿಂದೆ ಅವನ ಬಾಯೊಳಗಿನ ಹುಣ್ಣಿನಿಂದ ಚೂರು ತೆಗೆದು, ವಾರ ಬಿಟ್ಟು ಬಾ ಎಂದಿದ್ದರು. ರಾಗಿ ಕೊಯ್ಲು, ಕಣ ಎಂದು ಈಗ ಬಂದಿದ್ದ. ಎಲೆ, ಅಡಿಕೆ, ಕಡ್ಡಿಪುಡಿ ಅಗಿದು ಕೆಂಪಾದ ಬಾಯಿ. ಮಾತಾಡುವಾಗ ನಾಲಿಗೆಯಿಂದ ಎಡಗೆನ್ನೆಯನ್ನು ಒಳಗಿನಿಂದ ಉಬ್ಬಿಸುತ್ತಿದ್ದ.

"ಏನೈತಮ್ಮಾ ಅದ್ರಾಗೆ? ನಿಜ ಹೇಳ್ಬಿಡು ತಾಯಿ. ಹೆದ್ರಲ್ಲ ನಾನು," ಎಂದ.

ಫ್ಲಾಪಿ ಹಾಕಿದೆ. ವೆಂಕಟ ಒಬ್ಬನೇ ಇದ್ದ. ತೆರೆದರೆ ವೆಂಕಟರಮಣಪ್ಪ ಎಂದಿತ್ತು. ಥತ್, ನನ್ನ ಬೆರಳಿಗೆ ಬೆಂಕಿ ಹಾಕ ಎಂದುಕೊಂಡೆ. ಟೈಪಿಂಗಿನಲ್ಲಿ ತಪ್ಪಿದ್ದೇನೆ ಎಂದು ಎಮ್ ಅಳಿಸಿ ವಿ ಹಾಕಿದೆ. ವಯಸ್ಸು ಐವತ್ತೈದು ಎಂದಿತ್ತು. "ನಿಮ್ಗೆಷ್ಟಪ್ಪ ವಯಸ್ಸು?" ಎಂದರೆ "ಐವತ್ತಿರ್ಬೋದು, ಅರವತ್ತಿರ್ಬೋದು" ಎಂದ. ಕೆಳಗೆ ಡಾಕ್ಟರ ಮಾತು: ಕ್ಯಾನ್ಸರಿನ ಲಕ್ಷಣ ಇಲ್ಲ.

ಒಳ್ಳೆಯ ಸುದ್ದಿ ಹೇಳುವ ಭಾಗ್ಯ ಆ ಲ್ಯಾಬಿನಲ್ಲಿ ಅಪರೂಪ. ಕುರ್ಚಿಯಿಂದ ಎದ್ದು ನಿಂತು ಹೇಳಿದೆ. ಲಕ್ಷ್ಮಿದೇವಮ್ಮ ನನ್ನ ಎರಡೂ ಕೈ ಹಿಡಿದು ಅತ್ತಳು. "ಕಂಪ್ಯೂಟ್ರೇ ಹೇಳ್ತಲ್ಲಮ್ಮ, ಇನ್ನೇನ್ ಬೇಕು!" ಎಂದು ವೆಂಕಟರವಣಪ್ಪ ಕಾಗದವನ್ನು ಕಣ್ಣಿಗೊತ್ತಿಕೊಂಡ. ಮರುದಿನ ಬಸ್ ಕಂಡಕ್ಟರ್ ಕೈಯಲ್ಲಿ ನನಗೊಂದು ಚೀಲ ಅವರೆಕಾಯಿ ಕಳಿಸಿದ. ಅಮ್ಮಿಯೂ ನಾನೂ ಅದನ್ನು ಸುಲಿದು, ಹಿತುಕಿ, ಎರಡು ದಿನ ತಿಂದೆವು.

ಸಂಕ್ರಾಂತಿ ಕಳೆದು ವಾರಕ್ಕೆ ಮಂಡಿಕಲ್ಲಿನ ವೆಂಕಟರಮಣಪ್ಪ ಬಂದ. ಅವನ ರಿಪೋರ್ಟನ್ನು ಇಲಿ ಕಡಿದಿತ್ತಂತೆ, ಇನ್ನೊಂದು ಬೇಕಂತೆ.

"ನಂದು ಬಲಗೆನ್ನೇದು ಕಣಮ್ಮ. ಏನೂ ಇಲ್ಲ ಅಂದಿದ್ರಿ ಆವಾಗ," ಎಂದ.

ಫ್ಲಾಪಿಯಲ್ಲಿ ಅದೇ ಒಬ್ಬ ವೆಂಕಟ. ತೆರೆದೆ. ನಾನೇ ತಿದ್ದಿದ ವೆಂಕಟರವಣಪ್ಪ ಎಂಬ ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ಇತ್ತು: ಬಲಗೆನ್ನೆ. ಪೆರೇಸಂದ್ರದವನು ನಾಲಿಗೆಯಿಂದ ಉಬ್ಬಿಸುತ್ತಿದ್ದದ್ದು ಎಡಗೆನ್ನೆ. ರಮಣಪ್ಪನನ್ನು ನಾಳೆ ಬಾ ಎಂದು ಕಳಿಸಿ ಬಾಗಿಲು ಮುಂದೆ ಮಾಡಿದೆ.

ಚಿಂತಾಮಣಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಒಂದು ವಿದ್ಯೆ ಕಲಿಸಿದ್ದರು. ಅಳಿಸಿದ ಫೈಲು ಕೂಡಲೇ ಸಾಯುವುದಿಲ್ಲ. ಕಂಪ್ಯೂಟರು ಅದರ ಹೆಸರಿನ ಮೊದಲಕ್ಷರವನ್ನು ಮಾತ್ರ ಕಿತ್ತುಹಾಕಿ, ಈ ಜಾಗ ಖಾಲಿ ಎಂದು ಬರೆದುಕೊಳ್ಳುತ್ತದೆ. ಬೇರೆ ಯಾವುದಾದರೂ ಬಂದು ಆ ಜಾಗದಲ್ಲಿ ಕೂರುವ ತನಕ ಒಳಗಿನದು ಹಾಗೇ ಇರುತ್ತದೆ. ಮೊದಲಕ್ಷರ ನಾವು ನೆನಪಿಸಿ ಕೊಟ್ಟರೆ ಎದ್ದು ಬರುತ್ತದೆ. ಡಿಸ್ಕಿನಲ್ಲಿ ಖಾಲಿ ಉಳಿದಿದ್ದ ಪೆರೇಸಂದ್ರದ ಖಾನೆಯಲ್ಲಿ ಹುಡುಕಿದೆ. ಪ್ರಶ್ನೆಚಿಹ್ನೆ, ಅದರ ಹಿಂದೆ ಏಳಕ್ಷರ. ವಿ ಒತ್ತಿದೆ. ಎದ್ದು ಬಂದ ವೆಂಕಟರವಣಪ್ಪ. ವಯಸ್ಸು ಐವತ್ತೆರಡು, ಎಡಗೆನ್ನೆ, ಕ್ಯಾನ್ಸರ್. ಕೂಡಲೇ ಬೆಂಗಳೂರಿಗೆ ಕಳಿಸಬೇಕು ಎಂದೂ ಬರೆದಿತ್ತು. ಅಕ್ಟೋಬರಿನಲ್ಲಿ ಅದನ್ನು ಟೈಪ್ ಮಾಡಿದವಳೂ ನಾನೇ. ದಿನಕ್ಕೆ ಮೂವತ್ತು ಟೈಪ್ ಮಾಡುವವಳಿಗೆ ಯಾರ ಸಾವು ನೆನಪಿರುತ್ತದೆ?

ಡಾಕ್ಟರನ್ನು ಕರೆದು ನಡೆದದ್ದನ್ನೆಲ್ಲ ಹೇಳಿದೆ. ಅವರು ಬಂದು ಕಂಪ್ಯೂಟರಿನ ತೆರೆಯನ್ನು ಎರಡು ಸಲ ಓದಿದರು.

"ಇನ್ನೂ ತಿಂಗಳೇ ತಾನೇ ಆಗಿರೋದು. ಪೆರೇಸಂದ್ರಕ್ಕೆ ನಾನೇ ಹೇಳಿ ಕಳಿಸ್ತೀನಿ. ನೀನು ಬಾಯಿ ಬಿಡ್ಬೇಡ. ಅದನ್ನ ತೆಗೆದುಬಿಡು."

"ಸಾರ್, ಒಂದು ಪ್ರಿಂಟಾದ್ರೂ ತೆಗೀಲಾ?"

"ಯಾಕೆ, ಕೋರ್ಟಿಗೆ ಕೊಡೋಕಾ? ಎಮ್ ತೆಗೆದು ವಿ ಹಾಕಿದ್ದು ಯಾರಮ್ಮ? ನಾನಾ?"

ಅಳಿಸಿದೆ. ಫ್ಲಾಪಿಯನ್ನು ಡಾಕ್ಟರೇ ತೆಗೆದುಕೊಂಡು ಹೋದರು. ಅವತ್ತಿನಿಂದ ಖಾಲಿ ಕಾಗದಕ್ಕೆ ಸಹಿ ಹಾಕುವುದನ್ನೂ ನಿಲ್ಲಿಸಿದರು, ಒಂದೊಂದನ್ನೂ ಓದಿಯೇ ಹಾಕುತ್ತಿದ್ದರು. ಎಷ್ಟು ಶಿಸ್ತು ಬಂತು ನೋಡಿ!

ಮನೆಯಲ್ಲಿ ಅಮ್ಮಿಗೆ ಹೇಳಿದೆ. ಅವಳಿಗೆ ಕಂಪ್ಯೂಟರ್ ಗೊತ್ತಿಲ್ಲ, ಮನುಷ್ಯರು ಗೊತ್ತು. "ಡಾಕ್ಟ್ರು ಕಳಿಸ್ತಾರೋ ಬಿಡ್ತಾರೋ, ಇಪ್ಪತ್ತು ನಿಮಿಷದ ಬಸ್ಸು, ನೀನೇ ಹೋಗಿ ಹೇಳಿ ಬಾ ಬೇಟಿ," ಎಂದಳು. ನಾನು ಹೋಗಲಿಲ್ಲ. ಎರಡು ಸಲ ಡಾಕ್ಟರನ್ನು ಕೇಳಿದೆ. ಎರಡು ಸಲವೂ "ಹೇಳಿ ಕಳಿಸಿದೀನಿ" ಎಂದರು. ನಂಬಿದೆ. ನಂಬಿದರೆ ಬಸ್ಸು ಹತ್ತುವುದು ತಪ್ಪುತ್ತಿತ್ತು, ಲಕ್ಷ್ಮಿದೇವಮ್ಮನ ಮುಖ ನೋಡುವುದು ತಪ್ಪುತ್ತಿತ್ತು. ನಾನು ಹೇಡಿ. ಈ ಮಾತನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ ನಾನು ಪೆರೇಸಂದ್ರದಲ್ಲಿ ಇಳಿದದ್ದು ಆಗಸ್ಟಿನಲ್ಲಿ. ಬಾಗೇಪಲ್ಲಿಗೆ ಮದುವೆಗೆ ಹೊರಟಿದ್ದೆ. ಬಸ್ಸು ನಿಂತಿತು, ಕಾಲು ತಾನಾಗಿ ಇಳಿಯಿತು. ಟೀ ಅಂಗಡಿಯಲ್ಲಿ ಮನೆ ಕೇಳಿದೆ.

"ಯಾವ ರವಣಪ್ಪ? ಮದ್ದು ತಿನ್ಸಿ ಸಾಯ್ಸಿದ್ರಲ್ಲ, ಅವ್ನಾ?" ಎಂದ ಅಂಗಡಿಯವನು.

ವೆಂಕಟರವಣಪ್ಪ ಸತ್ತು ಒಂದೂವರೆ ತಿಂಗಳಾಗಿತ್ತು. ಗೋಡೆಯ ಮೇಲೆ ಹಾರ ಹಾಕಿದ ಫೋಟೋ. ಅದರ ಪಕ್ಕದಲ್ಲಿ, ಅಷ್ಟೇ ದೊಡ್ಡ ಗಾಜಿನ ಕಟ್ಟಿನೊಳಗೆ, ನನ್ನ ರಿಪೋರ್ಟು. ಲಕ್ಷ್ಮಿದೇವಮ್ಮ ನನ್ನನ್ನು ಗುರುತು ಹಿಡಿದು ಒಳಗೆ ಕರೆದು ಚಾಪೆ ಹಾಸಿದಳು. ಯಾರೂ ಅವರಿಗೆ ಏನೂ ಹೇಳಿ ಕಳಿಸಿರಲಿಲ್ಲ.

"ನೀನೇ ನೋಡ್ದಲ್ಲಮ್ಮ, ಒಂದು ರೋಗ ಇರ್ಲಿಲ್ಲ ಆತನಿಗೆ. ಕೆನ್ನೆ ಊದಿದಾಗ ಎಲ್ರೂ ಆಸ್ಪತ್ರೆ ಅಂದ್ರು. ಕಂಪ್ಯೂಟ್ರು ಹೇಳೈತೆ, ಇನ್ಯಾಕೆ ಅಂದ. ಅನ್ನ ಇಳೀಲಿಲ್ಲ, ನೀರು ಇಳೀಲಿಲ್ಲ. ರೋಗ ಇಲ್ದಂಗೆ ಮನುಷ್ಯ ಸಾಯ್ತಾನಾ? ಆ ಗಂಗುಲಮ್ಮ ಕೈಮದ್ದು ಹಾಕವ್ಳೆ."

ಗಂಗುಲಮ್ಮ ಸತ್ತವನ ಅಕ್ಕ. ಚಿಕ್ಕವಯಸ್ಸಿನಲ್ಲೇ ಗಂಡ ಹೋಗಿ ತವರಿಗೆ ಬಂದವಳು, ತಮ್ಮನಿಗೆ ಮೂವತ್ತು ವರ್ಷ ಮುದ್ದೆ ಮಾಡಿ ಬಡಿಸಿದವಳು. ಅನ್ನದಲ್ಲಿ ಮದ್ದು ಬೆರೆಸಿ ಒಳಗೊಳಗೇ ಕೊಲ್ಲುವ ಹೆಂಗಸರಿದ್ದಾರೆ ಎಂದು ನಮ್ಮ ಕಡೆ ನಂಬುತ್ತಾರೆ. ಅವಳನ್ನು ಮನೆಯಿಂದ ಹೊರಗೆ ಹಾಕಿದ್ದರು. ಬೀದಿಯ ಕೊನೆಯ ಮುರುಕು ಕೊಟ್ಟಿಗೆಯಲ್ಲಿದ್ದಳು. ಅವಳ ಕೈಯ ನೀರನ್ನು ಊರಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಎಂಟಕ್ಷರ, ಫ್ಲಾಪಿ, ಎಮ್ಮು, ವೀ. ಗೋಡೆಯಿಂದ ಕಟ್ಟು ಇಳಿಸಿ ತೋರಿಸಿದೆ: ನೋಡಿ, ಇಲ್ಲಿ ಬಲಗೆನ್ನೆ ಅಂತ ಇದೆ, ಅವರದು ಎಡಗೆನ್ನೆ ತಾನೇ?

"ಎಡವೋ ಬಲವೋ, ರೋಗ ಇಲ್ಲ ಅಂತ ಬರ್ದೈತೋ ಇಲ್ವೋ?" ಎಂದಳು ಲಕ್ಷ್ಮಿದೇವಮ್ಮ. ಆಮೇಲೆ ಮೆತ್ತಗೆ, "ನೀನು ಒಳ್ಳೇವ್ಳು ತಾಯಿ. ಆ ಮುದ್ಕಿ ನೋಡಿ ಕನಿಕರ ಬಂದೈತೆ ನಿಂಗೆ. ಈ ಕಾಗ್ದ ಸುಳ್ಳು ಅಂದ್ರೆ ನಿಜದ್ ಕಾಗ್ದ ಎಲ್ಲೈತೆ? ಅದು ತಾ. ಆವಾಗ ನಂಬ್ತೀನಿ," ಎಂದಳು.

ಮದುವೆಗೆ ಹೋಗಲಿಲ್ಲ, ಲ್ಯಾಬಿಗೆ ಓಡಿದೆ. ಪೆರೇಸಂದ್ರದ ಖಾನೆ ತೆರೆದು ಹಳೆಯ ವಿದ್ಯೆ ಮಾಡಿದೆ. ಪ್ರಶ್ನೆಚಿಹ್ನೆ ಬಂತು, ಹಿಂದೆ ಏಳಕ್ಷರ ಬಂತು. ವಿ ಒತ್ತಲು ಕೂಡ ಬಿಡಲಿಲ್ಲ. ಈ ಜಾಗದಲ್ಲಿ ಬೇರೆಯದು ಕೂತಿದೆ, ತೆಗೆಯಲಾಗದು ಎಂದಿತು. ಯಾರದೋ ಜಾತಕ ಇರಬೇಕು, ದೀರ್ಘಾಯುಷ್ಯ ಎಂದು ಬರೆದದ್ದು. ಡಾಕ್ಟರ ಮುಂದೆ ಹೋಗಿ ನಿಂತು, ಸಾರ್, ವೆಂಕಟರವಣಪ್ಪನ ವಿಷಯ ಬರೆದು ಒಂದು ಸಹಿ ಹಾಕಿ ಕೊಡಿ, ಒಬ್ಬಳು ಮುದುಕಿ ಉಳೀತಾಳೆ ಎಂದೆ.

"ಯಾವ ವೆಂಕಟರವಣಪ್ಪ?" ಎಂದರು. ನಿಜವಾಗಿ ಮರೆತವರ ಮುಖ ಅದಾಗಿರಲಿಲ್ಲ.

ಕೆಲಸ ಬಿಟ್ಟು ಬಂದೆ. ಅದನ್ನು ದೊಡ್ಡದಾಗಿ ಹೇಳಿಕೊಳ್ಳುವುದಿಲ್ಲ. ಜನವರಿಯಲ್ಲಿ ಬಿಟ್ಟಿದ್ದರೆ ಅದಕ್ಕೊಂದು ಬೆಲೆ ಇರುತ್ತಿತ್ತು.

ಮರುದಿನ ಬರಿಗೈಯಲ್ಲಿ ಗಂಗುಲಮ್ಮನ ಕೊಟ್ಟಿಗೆಗೆ ಹೋದೆ. ಮೂರು ಕಲ್ಲಿನ ಒಲೆಯ ಮೇಲೆ ಮುದ್ದೆ ತಿರುವುತ್ತಿದ್ದಳು, ಒಬ್ಬಳಿಗೇ ಆಗುವಷ್ಟು. ಅವಳಿಗೂ ಎಲ್ಲವನ್ನೂ ಹೇಳಿ, ತಪ್ಪು ನನ್ನದು ಅಜ್ಜಿ, ನಿಮ್ಮದಲ್ಲ ಎಂದೆ. ಕೋಲು ನಿಲ್ಲಿಸಿ ಕೇಳಿಸಿಕೊಂಡಳು.

"ಕೈ ತೊಳ್ಕೊಂಡೇ ಮಾಡ್ತಿದ್ದೆ ಕಣವ್ವ. ಒಂದಿನ ತಪ್ಸಿಲ್ಲ," ಎಂದಳು. "ಆದ್ರೂ ನಂಗೇ ಗೊತ್ತಿಲ್ದಂಗೆ ಏನಾರ ಬಿದ್ದಿತ್ತೋ ಏನೋ. ಇಲ್ದಿದ್ರೆ ಕಂಪ್ಯೂಟ್ರು ಯಾಕಂಗೆ ಬರೀತದೆ?"

ನನಗೆ ಅಳು ಬಂತು, ಸಿಟ್ಟೂ ಬಂತು. ಬೀದಿಯಲ್ಲಿ ನಾಲ್ಕು ಜನ ನಿಂತು ನೋಡುತ್ತಿದ್ದರು. ಅವರಿಗೆ ಕೇಳುವ ಹಾಗೆ ಜೋರಾಗಿ ಹೇಳಿದೆ:

"ಅಜ್ಜಿ, ಹಸಿವಾಗಿದೆ. ನಿಮ್ ಕೈಯಾರೆ ಒಂದು ತುತ್ತು ಮುದ್ದೆ ಕೊಡಿ. ಎಲ್ರ ಮುಂದೆ ತಿಂತೀನಿ."

ಗಂಗುಲಮ್ಮ ಮಡಕೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

"ಬ್ಯಾಡ ತಾಯಿ," ಎಂದಳು. "ನೀನಿನ್ನೂ ಬಾಳಿ ಬದುಕ್ಬೇಕಾದವ್ಳು."