ಐದನೆಯ ಬಿಲ್ಲೆ

"ರೂಲ್ ಅಂದ್ರೆ ರೂಲ್ ಕಣ್ರೀ. ಬನ್ನಿ, ಬಂದು ನಿಂತ್ಕೊಳ್ಳಿ," ಎಂದು, ಕೈಯಲ್ಲಿ ವಿಕಿರಣದ ಮೀಟರ್ ಹಿಡಿದಿದ್ದ ಮೀಟರಮ್ಮ ಬಾಗಿಲ ಕಡೆಗೆ ಕೂಗಿದಳು.

ಬಾಗಿಲಲ್ಲಿ ಹೊರಗೂ ಹೋಗದೆ ಒಳಗೂ ಬಾರದೆ ನಿಂತಿದ್ದವನು ಬಸ್ಸಿನ ಡ್ರೈವರ್. ಹದಿನೆಂಟು ವರ್ಷಗಳಿಂದ ಅವಳ ಗಂಡ.

"ನಾನ್ಯಾಕೆ? ನಾನು ಬರೀ ಬಸ್ ಓಡ್ಸಿದೋನು. ಹೋಗಿ ಬಸ್ ತೊಳೀಬೇಕು."

"ಬಸ್ ಎಲ್ಲೂ ಓಡಿಹೋಗಲ್ಲ. ನೀವು ಓಡಿಹೋಗ್ಬೇಡಿ."

ಸಾಲಿನಲ್ಲಿದ್ದವರು ನಕ್ಕರು. ಶಾಲೆಯ ಆಟದ ಹಾಲ್ ಅದು. ಹತ್ತು ಮೈಲಿ ಆಚೆಯ ಅಣು ವಿದ್ಯುತ್ ಸ್ಥಾವರದಲ್ಲಿ ಅನಾಹುತವಾಗಿದೆಯೆಂದು ಊಹಿಸಿಕೊಂಡು ಬೆಳಗಿನಿಂದ ಅಲ್ಲಿ ಅಣಕು ಅಭ್ಯಾಸ ನಡೆದಿತ್ತು. ಸುತ್ತಲಿನ ಜನರನ್ನು ಬಸ್ಸಿನಲ್ಲಿ ತರಬೇಕು, ಮೈಮೇಲೆ ವಿಕಿರಣದ ಧೂಳಿದೆಯೇ ಎಂದು ಮೀಟರ್ ಹಿಡಿದು ನೋಡಬೇಕು, ಇದ್ದವರನ್ನು ಸ್ನಾನಕ್ಕೆ ಕಳಿಸಬೇಕು. ಇಷ್ಟೂ ರಾಜ್ಯದವರ ಪಾಲಿನ ಕೆಲಸ. ಕೇಂದ್ರದವರ ಪಾಲಿಗೆ ಬಂದದ್ದು ಕುರ್ಚಿ ಹಾಕಿಕೊಂಡು ತಪ್ಪು ಹುಡುಕುವುದು ಎಂದು ರಾಜ್ಯದವರು ಗೊಣಗುತ್ತಿದ್ದರು.

ಗೊಣಗಿದರೂ ಈ ಸಲ ಇಬ್ಬರೂ ಕೂತು, ಯಾರ‍್ಯಾರನ್ನು ಪರೀಕ್ಷಿಸಬೇಕು ಎಂಬುದಕ್ಕೆ ಒಂದೇ ನಮೂನೆ ಮಾಡಿಕೊಂಡಿದ್ದರು. ಅದಕ್ಕಾಗಿ ಎರಡು ತಿಂಗಳು ಜಗ್ಗಾಡಿದ್ದರು. ಹಳೆಯ ನಮೂನೆಯಲ್ಲಿ ಬಸ್ಸಿನ ಚಾಲಕನಿಗೆ ಸಾಲೇ ಇರಲಿಲ್ಲ. "ಎಲ್ಲರಿಗಿಂತ ಹೆಚ್ಚು ಹೊತ್ತು ಅಲ್ಲಿ ಓಡಾಡೋನು ಅವನೇ ಅಲ್ವಾ ಸರ್? ಅವನನ್ನೇ ಬಿಟ್ರೆ ಹೇಗೆ?" ಎಂದು ಪಟ್ಟು ಹಿಡಿದು ಹನ್ನೊಂದನೆಯ ಸಾಲು ಸೇರಿಸಿದವಳು ಮೀಟರಮ್ಮನೇ. ಕೇಂದ್ರದ ಇನ್ಸ್‌ಪೆಕ್ಟರ್ ತಲೆದೂಗಿದ್ದರು. ಅವಳ ಸಾಹೇಬರು ಮುಖ ಸಿಂಡರಿಸಿಕೊಂಡೇ ಸಹಿ ಹಾಕಿದ್ದರು. ಈಗ ಆ ಸಾಲಿಗೆ ಸಿಕ್ಕಿದ ಮೊದಲ ಮನುಷ್ಯ ತನ್ನ ಗಂಡನೇ ಎಂಬುದು ಅವಳಿಗೆ ತಮಾಷೆಯಾಗಿ ಕಂಡಿತು.

ಅವನು ಬಂದು ಕೈ ಅಗಲಿಸಿ ನಿಂತ. ಅವಳು ಮೀಟರನ್ನು ಹೆಗಲ ಹತ್ತಿರ ತಂದಳೋ ಇಲ್ಲವೋ, ಅದು ಕಿರ್ರೆಂದು ಕೂಗಿಕೊಂಡಿತು. ಮಂಡಿಯವರೆಗೆ ಇಳಿಸಿದರೂ ಕೂಗು ನಿಲ್ಲಲಿಲ್ಲ.

ಸಾಲಿನವರು "ಓಹೋ!" ಎಂದರು. ಅವಳಿಗೂ ನಗು ತಡೆಯಲಿಲ್ಲ. ಬಸ್ಸು ಹೊರಡುವ ಮೊದಲೇ ಇನ್ಸ್‌ಪೆಕ್ಟರ್ ಯಾರ‍್ಯಾರದೋ ಕಾಲರಿನ ಕೆಳಗೆ ಗುಟ್ಟಾಗಿ ಒಂದು ಪುಟ್ಟ ಬಿಲ್ಲೆ ಅಂಟಿಸಿರುತ್ತಾರೆ. ಮೀಟರ್ ಕೂಗುವಷ್ಟು, ಮನುಷ್ಯನಿಗೆ ಏನೂ ಆಗದಷ್ಟು ವಿಕಿರಣ ಅದರಲ್ಲಿರುತ್ತದೆ. ಯಾರಿಗೆ, ಎಷ್ಟು ಮಂದಿಗೆ ಎಂಬುದನ್ನು ಬಾಯಿ ಬಿಡುವುದಿಲ್ಲ, ಕಂಡುಹಿಡಿಯುವುದೇ ಪರೀಕ್ಷೆ. ಆಗಲೇ ನಾಲ್ವರು ಸಿಕ್ಕಿದ್ದರು.

"ಏನ್ರೀ, ನಿಮಗೂ ಅಂಟ್ಸಿಬಿಟ್ರಾ? ಬೆಳಿಗ್ಗೆಯಿಂದ ಒಂದು ಮಾತೂ ಹೇಳಲಿಲ್ವಲ್ಲ, ಕಳ್ಳ!"

ಗಂಡನ ಮುಖ ಸುಣ್ಣ ಬಳಿದಂತೆ ಬಿಳಿಚಿತು.

"ನೋಡಿ ನೋಡಿ, ಏನು ನಟನೆ!" ಎಂದು ಅವಳು ಜನರ ಕಡೆ ತಿರುಗಿದಳು. ನಮೂನೆಯ ಹನ್ನೊಂದನೆಯ ಸಾಲಿನಲ್ಲಿ ಗುರುತು ಹಾಕಿ, ಬೆನ್ನು ತಟ್ಟಿ, ಅವನನ್ನು ಸ್ನಾನದ ಕೋಣೆಗೆ ಕಳಿಸಿದಳು.

ಮಧ್ಯಾಹ್ನ ಅಭ್ಯಾಸ ಮುಗಿದು ಎಲ್ಲರೂ ಚಹಾದ ಲೋಟ ಹಿಡಿದು ನಿಂತಿದ್ದಾಗ ಸ್ನಾನದ ಕೋಣೆಯ ನರ್ಸ್ ಪೆಚ್ಚುಮೋರೆ ಹಾಕಿಕೊಂಡು ಬಂದಳು. "ಮೇಡಂ, ನಾಲ್ಕು ಬಿಲ್ಲೆ ಸಿಕ್ತು. ಐದನೇದು ಸಿಗ್ಲಿಲ್ಲ. ಡ್ರೈವರಣ್ಣನ ಅಂಗಿಯೆಲ್ಲ ಜಾಲಾಡಿದೆ. ನೀರಲ್ಲಿ ಹೋಯ್ತೋ ಏನೋ."

ಸಾಹೇಬರಿಗೆ ಸಿಟ್ಟು ನೆತ್ತಿಗೇರಿತು. ಬಿಲ್ಲೆ ಕಳೆದರೆ ಮೇಲಿನವರಿಗೆ ಉತ್ತರ ಕೊಡಬೇಕಾದವರು ಅವರು. ಇಬ್ಬರು ಸಿಬ್ಬಂದಿ ಸ್ನಾನದ ಕೋಣೆಯಲ್ಲಿ ಕೂತು ಚರಂಡಿಯ ಜಾಲರಿ ಬಿಚ್ಚಿದರು. ಮೀಟರಮ್ಮ ಒದ್ದೆ ನೆಲದ ಮೇಲೆ ಮಂಡಿಯೂರಿ ಕೊಳವೆಯೊಳಗೆ ಮೀಟರ್ ಇಳಿಬಿಟ್ಟಳು. ಅದು ತುಟಿಪಿಟಕ್ಕೆನ್ನಲಿಲ್ಲ.

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ತಮ್ಮ ಸೀಸದ ಡಬ್ಬಿಯನ್ನು ಮೇಜಿನ ಮೇಲೆ ತೆರೆದಿಟ್ಟರು. ಅದರಲ್ಲಿ ನಾಲ್ಕು ಗುಳಿ, ನಾಲ್ಕರಲ್ಲೂ ಬಿಲ್ಲೆ.

"ಏನು ಹುಡುಕ್ತಿದೀರಿ ನೀವೆಲ್ಲ? ನಾನು ಅಂಟ್ಸಿದ್ದೇ ನಾಲ್ಕು."

"ಐದು ಸರ್," ಎಂದಳು ಮೀಟರಮ್ಮ. "ನಾನೇ ಗುರುತು ಹಾಕಿದೀನಿ."

"ನಾಲ್ಕೇ ಅಮ್ಮ. ಐದನೇದನ್ನ ನಿಮ್ಮ ಸಾಹೇಬ್ರು ಇಟ್ಟಿರ‍್ಬೇಕು, ನನ್ನ ಪರೀಕ್ಷೆ ಮಾಡೋಕೆ."

"ನಮಗ್ಯಾಕ್ರೀ ಆ ಉಸಾಬರಿ?" ಎಂದು ಸಾಹೇಬರು ಎಗರಿದರು. "ನಮ್ಮ ಹತ್ರ ಒಂದೂ ಬಿಲ್ಲೆ ಇಲ್ಲ. ಕೇಳಿದ್ರೆ ನೀವು ಕೊಟ್ಟಿದ್ದೂ ಇಲ್ಲ."

ಅವರ ಬಿಲ್ಲೆಯೆಂದು ಇವರು, ಇವರ ಬಿಲ್ಲೆಯೆಂದು ಅವರು ಇಡೀ ಬೆಳಿಗ್ಗೆ ಸುಮ್ಮನಿದ್ದುಬಿಟ್ಟಿದ್ದರು. ಮೀಟರಮ್ಮ ಕೈಯಲ್ಲಿದ್ದ ಮೀಟರನ್ನು ನೋಡಿದಳು. ಬಿಲ್ಲೆಯಾದರೆ ಮೀಟರ್ ಒಂದೇ ಜಾಗದಲ್ಲಿ, ಕಾಲರಿನ ಹತ್ತಿರ ಕೂಗಬೇಕು. ಗಂಡನ ಮೈಯಲ್ಲಿ ಅದು ಹೆಗಲಿನಿಂದ ಮಂಡಿಯವರೆಗೂ ಕೂಗಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ಗೊತ್ತಾಗುವ ವ್ಯತ್ಯಾಸ ಅದು. ಹನ್ನೆರಡು ವರ್ಷ ಮೀಟರ್ ಹಿಡಿದ ತಾನು ನಕ್ಕಿದ್ದಳು. ಬೆನ್ನು ತಟ್ಟಿ ನಕ್ಕಿದ್ದಳು.

ಅಭ್ಯಾಸದ ದಿನ ನಿಯಂತ್ರಣ ಕೊಠಡಿಗೆ ಫೋನ್ ಮಾಡಿದರೆ ಪ್ರತಿ ಮಾತಿಗೂ ಮೊದಲು "ಇದು ಅಭ್ಯಾಸ" ಎನ್ನಬೇಕು. ನಿಜವಾಗಿ ಏನಾದರೂ ಆದರೆ "ಇದು ಅಭ್ಯಾಸವಲ್ಲ" ಎಂದು ಮೂರು ಸಲ ಹೇಳಬೇಕು. ಹೊಸ ನಿಯಮದಲ್ಲಿ ಅದನ್ನೂ ಬರೆದಿದ್ದರು. ಯಾರು ಹೇಳಬೇಕು ಎಂಬುದನ್ನು ಮಾತ್ರ ಬರೆದಿರಲಿಲ್ಲ. ಹಾಲ್ ನಿಮ್ಮದು, ನೀವು ಹೇಳಿ ಎಂದರು ಇನ್ಸ್‌ಪೆಕ್ಟರ್. ವಿಕಿರಣ ನಿಮ್ಮ ಇಲಾಖೆಯದು, ನೀವು ಹೇಳಿ ಎಂದರು ಸಾಹೇಬರು. ಮೀಟರಮ್ಮ ಇಬ್ಬರ ನಡುವೆ ಕೈ ಹಾಕಿ ಫೋನ್ ಎತ್ತಿಕೊಂಡಳು.

"ಇದು ಅಭ್ಯಾಸವಲ್ಲ," ಎಂದಳು. ಎರಡನೆಯ ಸಲವೂ ಹೇಳಿದಳು. ಮೂರನೆಯ ಸಲ ಅವಳಿಗೇ ಕೇಳಿಸಲಿಲ್ಲ.

"ಯಾರಿಗೆ ತಗುಲಿದೆ?" ಎಂದಿತು ಆ ಕಡೆಯ ದನಿ.

"ಚಾಲಕರಿಗೆ. ನಮ್ಮ ಯಜಮಾನ್ರಿಗೆ."

ಬಸ್ ತೊಳೆಯುತ್ತಿದ್ದವನನ್ನು ಕರೆತಂದು ಹಾಲಿನ ಕೊನೆಯ ಬೆಂಚಿನಲ್ಲಿ ಕೂರಿಸಿ, ಸುತ್ತ ಹಳದಿ ಪಟ್ಟಿ ಎಳೆದರು. ಬೆಳಿಗ್ಗೆ ನಕ್ಕವರು ಗೋಡೆಗೆ ಅಂಟಿಕೊಂಡು ನಿಂತರು. ಸ್ಥಾವರದಲ್ಲೇ ಏನೋ ಸೋರಿದೆಯೇ? ಹಾಗಾದರೆ ಆ ಕಡೆಯ ಶಾಲೆಯಲ್ಲಿರುವ ಮಗಳು? ಮೀಟರಮ್ಮ ಕಿಟಕಿಯಿಂದ ಆ ಕಡೆಗೇ ನೋಡಿದಳು.

ಇನ್ಸ್‌ಪೆಕ್ಟರ್ ಕಾರಿನಿಂದ ಇನ್ನೊಂದು ಯಂತ್ರ ತಂದರು. ವಿಕಿರಣ ಯಾವ ಪದಾರ್ಥದ್ದೆಂದು ಹೆಸರು ಹೇಳುವ ಯಂತ್ರ. ರಾಜ್ಯದವರ ಬಳಿ ಅದಿರಲಿಲ್ಲ. ಪಟ್ಟಿ ದಾಟಿ, ಅದನ್ನು ಅವನ ಎದೆಯ ಮುಂದೆ ಹಿಡಿದು ಎರಡು ನಿಮಿಷ ನಿಂತರು. ಅವರ ಭುಜ ಸಡಿಲವಾಯಿತು.

"ಸ್ಥಾವರದ್ದಲ್ಲ. ಗಾಬರಿಯಿಲ್ಲ. ಇದು ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಮುಂಚೆ ಕೊಡೋ ಇಂಜೆಕ್ಷನ್ನು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಗೋಡೆಯ ಹತ್ತಿರ ಯಾರೋ ಉಸಿರು ಬಿಟ್ಟರು, ಇನ್ನಾರೋ ಚಪ್ಪಾಳೆ ತಟ್ಟಿದರು. ಇನ್ಸ್‌ಪೆಕ್ಟರ್ ಬಗ್ಗಿ ಮೆಲ್ಲನೆ ಕೇಳಿದರು. "ಯಾವಾಗ ಮಾಡಿಸಿದ್ರಿ?"

"ನಿನ್ನೆ."

"ಯಾವ ಸ್ಕ್ಯಾನು?"

ಅವನು ಅವರ ಹೆಗಲ ಮೇಲಿಂದ ಹೆಂಡತಿಯನ್ನು ನೋಡಿದ. "ಮೂಳೇದು," ಎಂದ.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಮೂಳೆಯ ಸ್ಕ್ಯಾನನ್ನು ವೈದ್ಯರು ಹೆಚ್ಚಾಗಿ ಕ್ಯಾನ್ಸರ್ ಹುಡುಕಲು ಮಾಡಿಸುತ್ತಾರೆಂಬುದು ಆ ಹಾಲಿನಲ್ಲಿ ಇನ್ಸ್‌ಪೆಕ್ಟರಿಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು. ಡ್ರೈವರ್ ಸೀಟಿನ ಬೆನ್ನಿಗೆ ಆರು ತಿಂಗಳಿಂದ ಅವನು ಇಟ್ಟುಕೊಳ್ಳುತ್ತಿದ್ದ ದಿಂಬು ನೆನಪಾಯಿತು. ಮುದುಕರಾದ್ರಿ ಎಂದು ಅದಕ್ಕೂ ಛೇಡಿಸಿದ್ದಳು. ನಿನ್ನೆ ಸಂಜೆ ಶೀತವೆಂದು ಮಗಳನ್ನು ಹತ್ತಿರ ಬಿಟ್ಟುಕೊಳ್ಳದೆ, ಹೊರಗೆ ಮೆಟ್ಟಿಲ ಮೇಲೆ ಒಬ್ಬನೇ ಕೂತು ಊಟ ಮಾಡಿದ್ದ.

ಅವಳು ಹಳದಿ ಪಟ್ಟಿಯನ್ನು ಎತ್ತಿ ಒಳಗೆ ಕಾಲಿಟ್ಟಳು. ಕೈಯಲ್ಲಿದ್ದ ಮೀಟರ್ ಟಿಕ್ ಟಿಕ್ ಎನ್ನತೊಡಗಿತು.

"ತೀರಾ ಹತ್ರ ಬರ‍್ಬೇಡ ಕಣೇ. ಇವತ್ತೊಂದಿನ ದೂರ ಇರಿ ಅಂದಿದಾರೆ."

ಅವಳು ಇನ್ನೆರಡು ಹೆಜ್ಜೆ ಇಟ್ಟಳು. ಮೀಟರ್ ಅವಸರಪಟ್ಟಿತು.

"ಅಭ್ಯಾಸ ಮುಗೀಲಿ, ಆಮೇಲೆ ಹೇಳೋಣ ಅಂತಿದ್ದೆ. ಎರಡು ತಿಂಗ್ಳಿಂದ ನೀನು ಇದಕ್ಕೇ ಒದ್ದಾಡ್ತಿದ್ದೆ. ಇದು ಹೀಗೆ ಕೂಗತ್ತೆ ಅಂತ ನಂಗೇನು ಗೊತ್ತು?"

ಅವಳು ಅವನ ಪಕ್ಕದಲ್ಲಿ ತೋಳಿಗೆ ತೋಳು ತಾಗುವಂತೆ ಕೂತಳು. ಮೀಟರ್ ಕಿರ್ರೆಂದು ಕೂಗಿಕೊಂಡಿತು. ಹಾಲಿನವರೆಲ್ಲ ತಿರುಗಿ ನೋಡಿದರು. ಅವನು ನಗಲು ನೋಡಿದ.

"ನಾಳೆ ಹೊತ್ತಿಗೆ ಎಲ್ಲ ಹೋಗತ್ತಂತೆ."

"ಔಷಧಿ ಹೋಗತ್ತೆ," ಎಂದಳು ಅವಳು.

"ಆಫ್ ಮಾಡೇ ಅದನ್ನ. ಜನ ನೋಡ್ತಿದಾರೆ."

ಅವಳ ಹೆಬ್ಬೆರಳು ಸ್ವಿಚ್ಚಿನ ಮೇಲೇ ಇತ್ತು. ಒತ್ತಲಿಲ್ಲ. ಕೂಗುತ್ತಿದ್ದ ಮೀಟರನ್ನು ಹಾಗೇ ಮಡಿಲಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಅವನ ಒದ್ದೆ ಅಂಗಿಯ ಕಾಲರನ್ನು ಮೇಲೆತ್ತಿ ಅದರ ಕೆಳಗೆ ಬೆರಳಾಡಿಸಿದಳು, ಮತ್ತೊಮ್ಮೆ ಆಡಿಸಿದಳು, ಅಲ್ಲೆಲ್ಲಾದರೂ ಒಂದು ಬಿಲ್ಲೆ ಅಂಟಿಕೊಂಡಿದೆಯೇನೋ ಎಂದು.